ನಾಲ್ಕನೆಯ ಕ್ಯಾನ್

ಮೊದಲು ಗೋಡೆಯ ಪ್ಯಾನೆಲ್ಲಿನ ಒಳಗಿಂದ ‘ಠಕ್’ ಎಂದಿತು. ಅದರ ಬೆನ್ನಿಗೇ ಕಂಪ್ರೆಸರಿನ ಗುಂಯ್‌ಗುಡುವ ಸದ್ದು ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ ಹೋಗಿ ನಿಂತುಬಿಟ್ಟಿತು. ಈಗಲೂ ಮನೆಯ ಫ್ರಿಜ್ಜು ಠಕ್ಕೆಂದರೆ ನಾನು ಕೈಗಡಿಯಾರ ನೋಡುತ್ತೇನೆ. ಅಂದು ಎರಡೂವರೆ ಆಗಿತ್ತು. ಸೋಮವಾರ, ಮೇ ತಿಂಗಳು. ಬಾಗಿಲ ಬಳಿ ತೂಗುಹಾಕಿದ್ದ ಥರ್ಮಾಮೀಟರ್ ನೆರಳಿನಲ್ಲೇ ನಲವತ್ತನಾಲ್ಕು ತೋರಿಸುತ್ತಿತ್ತು. ಅದನ್ನೂ ನಾನು ನಂಬಲಿಲ್ಲ. ಬಿಚ್ಚಿ ತಂದು ಇನ್ನೊಂದು ಗೋಡೆಗೆ ಹಾಕಿ ನೋಡಿದೆ. ನಲವತ್ತನಾಲ್ಕೇ.

ನಮ್ಮದು ಸಿಂದಗಿಯಿಂದ ಮೋರಟಗಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದ ಹಳ್ಳಿ. ಊರಿನ ಹೆಣ್ಣುಮಕ್ಕಳ ಹಾಲಿನ ಸಂಘದಲ್ಲಿ ನಾನು ಟೆಸ್ಟರ್. ಎಪ್ಪತ್ತು ದಾಟಿದವಳಿಗೆ ಇದೇನು ಕೆಲಸ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಟೆಸ್ಟ್ ಟ್ಯೂಬ್ ಹಿಡಿದ ಕೈ ನಡುಗಬಾರದು, ನನ್ನದು ನಡುಗುವುದಿಲ್ಲ. ಆ ಕೈಯನ್ನು ತಿದ್ದಿದವರು ಬೆಳಗಾವಿಯ ಕಾನ್ವೆಂಟಿನ ಒಬ್ಬ ಸಿಸ್ಟರ್. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಮ್ಮ ಬೆನ್ನ ಹಿಂದೆ ನಡೆಯುತ್ತ ಅನ್ನುತ್ತಿದ್ದರು, “ಗರ್ಲ್ಸ್, ಸಸ್ಪೆಕ್ಟ್ ಎವೆರಿಥಿಂಗ್. ಆ್ಯಂಡ್ ಆಲ್ವೇಸ್ ರನ್ ಅ ಬ್ಲ್ಯಾಂಕ್.” ಎಲ್ಲವನ್ನೂ ಸಂಶಯದಿಂದ ನೋಡು, ಆದರೆ ಪ್ರತಿ ಪರೀಕ್ಷೆಯ ಪಕ್ಕದಲ್ಲೂ ಏನೂ ಬೆರೆಸದ ಇನ್ನೊಂದು ಟ್ಯೂಬ್ ಇಡು. ಇದನ್ನು ಅದಕ್ಕೆ ಹೋಲಿಸಿದಾಗಲೇ ಉತ್ತರ. ಈ ಮಾತಿನ ಮೊದಲ ಅರ್ಧ ನನ್ನ ಸ್ವಭಾವಕ್ಕೆ ಚೆನ್ನಾಗಿ ಹೊಂದಿಕೊಂಡಿತ್ತು. ಎರಡನೆಯ ಅರ್ಧದ ಕಥೆಯೇ ಇದು.

ಸಂಘದ ಕೋಣೆಯಲ್ಲಿ ಸಾವಿರ ಲೀಟರಿನ ಒಂದು ಸ್ಟೀಲ್ ತೊಟ್ಟಿ ಇದೆ. ಎಮ್ಮೆ ಮೈಯ ಬಿಸಿಯಲ್ಲೇ ಬಂದ ಹಾಲನ್ನು ಅದು ನಾಲ್ಕು ಡಿಗ್ರಿಗೆ ಇಳಿಸಿ ಹಿಡಿದಿಡುತ್ತದೆ. ಸಂಜೆ ಟ್ಯಾಂಕರ್ ಬಂದು ಒಯ್ಯುತ್ತದೆ. ಕರೆಂಟು ಹೋದರೆ ಜನರೇಟರ್ ಇದೆ. ಅಂದರೆ ಇತ್ತು. ಆ ಸೋಮವಾರ ಅದು ಇಪ್ಪತ್ತು ನಿಮಿಷ ಓಡಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು ಸುಮ್ಮನಾಯಿತು. ಇಂಡಿ ಪಟ್ಟಣದಿಂದ ಬಂದ ಮೆಕ್ಯಾನಿಕ್ ಮುಚ್ಚಳ ತೆಗೆದು ಮೂಸಿ ನೋಡಿ, “ವೈಂಡಿಂಗ್ ಹೋಗೇತ್ರಿ. ಮುದ್ದೇಬಿಹಾಳಕ್ಕ ಒಯ್ದು ಸುತ್ತಿಸಬೇಕು, ಎಂಟ್ ದಿನ” ಎಂದ. ಎಂಟು ದಿನ ಯಾಕೆ, ಒಳಗಿನ ತಾಮ್ರ ಬದಲಿಸುತ್ತಾನೋ ಏನೋ ಎಂದು ನಾನು ಆಲ್ಟರ್ನೇಟರಿನ ಮೈಮೇಲೆ ನೇಲ್ ಪಾಲಿಶಿನಿಂದ ಗುರುತು ಹಾಕಿ ಕೊಟ್ಟೆ. ಅವನು ನಕ್ಕ.

ಲೈನ್‌ಮನ್‌ನಿಗೆ ಫೋನ್ ಮಾಡಿದೆ.

“ನಿಮ್ಮ ಓಣಿ ಟ್ರಾನ್ಸ್‌ಫಾರ್ಮರ್ ಸುಟ್ಟೈತ್ರಿ ಅಕ್ಕಾರ. ಹೊಸಾದು ಬರೂತನಕ ನನ್ನ ಕೈಯಾಗ ಏನೂ ಇಲ್ಲ.”

“ಯಾವಾಗ ಬರ್ತೈತಿ?”

“ನಾಳಿ.”

“ನಾಳಿ ಅಂದ್ರ ಕ್ಯಾಲೆಂಡರಿನ ನಾಳಿನೋ, ನಿಮ್ಮ ನಾಳಿನೋ?”

“ಅಕ್ಕಾರ, ನೀವು ಸಾಲ್ಯಾಗ ಪರೀಕ್ಷಾ ತಗೊಂಡಂಗ ತಗೋಬ್ಯಾಡ್ರಿ. ಈ ಬಿಸಲಾಗ ಕಂಬ ಹತ್ತಾವ ನಾ, ನೀವಲ್ಲ.”

ಪಕ್ಕದ ಓಣಿಯ ಹಿಟ್ಟಿನ ಗಿರಣಿ ತಿರುಗುತ್ತಿರುವುದು ನನಗೆ ಕೇಳಿಸುತ್ತಿತ್ತು. ಅವರದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್, ನಿಜ. ಆದರೂ ನಮ್ಮದೇ ಯಾಕೆ ಸುಡಬೇಕು ಎಂದು ಸೆರಗು ತಲೆಗೆ ಹೊದ್ದು ಹೋಗಿ, ಕಂಬದ ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಕರಿ ಎಣ್ಣೆ ಕಂಬದುದ್ದಕ್ಕೂ ಇಳಿದಿತ್ತು. ಸುಳ್ಳು ಹೇಳಿರಲಿಲ್ಲ ಅವನು.

ಸಂಜೆ ಟ್ಯಾಂಕರ್ ಬಂದು, ಇನ್ನೂ ತಂಪಾಗಿದ್ದ ಬೆಳಗಿನ ಹಾಲನ್ನು ಒಯ್ದಿತು. ಒಕ್ಕೂಟದ ಸೂಪರ್‌ವೈಸರ್ ಫೋನಿನಲ್ಲೇ ವ್ಯವಸ್ಥೆ ಹೇಳಿದರು. ಕರೆಂಟು ಬರುವವರೆಗೆ ಸಂಜೆಯ ಹಾಲು ಬೇಡ. ಬೆಳಗಿನದನ್ನು ಮಾತ್ರ ನಲವತ್ತು ಲೀಟರಿನ ಕ್ಯಾನುಗಳಲ್ಲಿ ತುಂಬಿ, ನೀರಿನಲ್ಲಿಟ್ಟು ಕಾಯಿರಿ. ಟ್ಯಾಂಕರ್ ಬಸವನಬಾಗೇವಾಡಿ ಕಡೆಯ ಸುತ್ತು ಮುಗಿಸಿಕೊಂಡು ಒಂದು ಗಂಟೆಗೆ ಬರುತ್ತದೆ. ಡ್ರೈವರ್ ಒಂದೊಂದೇ ಕ್ಯಾನು ಟೆಸ್ಟ್ ಮಾಡಿ ಒಯ್ಯುತ್ತಾನೆ.

ಸಂಜೆಯ ಹಾಲು ಯಾರಿಗೂ ಬೇಡವಾಯಿತಲ್ಲ, ಊರಿಗೆ ಊರೇ ಹೆಪ್ಪು ಹಾಕಿತು. ಮರುದಿನ ಪ್ರತಿ ಮನೆಯಲ್ಲೂ ಗಡಿಗೆ ತುಂಬ ಮಜ್ಜಿಗೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಸರದಿ ಶುರು. ಕರೆಂಟಿದ್ದಾಗ ಒಬ್ಬೊಬ್ಬರ ಹಾಲನ್ನು ಮಷಿನ್ ಅರ್ಧ ನಿಮಿಷದಲ್ಲಿ ಪರೀಕ್ಷಿಸುತ್ತದೆ. ಈಗ ಎಲ್ಲವೂ ಕೈಯಲ್ಲಿ. ಉದ್ದ ಹಿಡಿಯ ಸೌಟಿನಿಂದ ಪಾತ್ರೆಯ ಹಾಲನ್ನು ಕಲಕಿ ಸ್ಯಾಂಪಲ್ ತೆಗೆಯಬೇಕು, ಮೂಸಬೇಕು, ಲ್ಯಾಕ್ಟೋಮೀಟರ್ ಇಳಿಬಿಡಬೇಕು, ಅದು ತೇಲಿ ನಿಲ್ಲುವವರೆಗೆ ಕಾಯಬೇಕು, ಹಾಲಿನ ಶಾಖ ನೋಡಿ ಅಂಕಿ ತಿದ್ದಬೇಕು. ಆಮೇಲೆ ಅಳತೆಯ ಹೆಣ್ಣುಮಗಳು ಅದನ್ನು ಲೀಟರಿನಲ್ಲಿ ಅಳೆದು ಕ್ಯಾನಿಗೆ ಸುರಿಯಬೇಕು. ತಲೆಗೆ ಮೂರ್ನಾಲ್ಕು ನಿಮಿಷ. ಐವತ್ತು ಜನ. ಸರದಿ ತಗಡಿನ ನೆರಳು ದಾಟಿ ಬಿಸಿಲಿಗೆ ಹೋಯಿತು. ಎಂಟಕ್ಕೇ ನೆಲ ಕಾಯುತ್ತಿತ್ತು. ಒಬ್ಬ ಮುದುಕಿ ಕೊಡವನ್ನು ಜೋಪಾನವಾಗಿ ಕೆಳಗಿಟ್ಟು, ತಾನು ಅದರ ಪಕ್ಕದಲ್ಲಿ ಹಾಗೇ ಕುಸಿದಳು.

ಸಂಘದ ಅಧ್ಯಕ್ಷೆ ನನ್ನ ಓರಗೆಯವಳು, ದೊಡ್ಡ ದನಿ, ದೊಡ್ಡ ಕುಂಕುಮ. ಮನೆಯಿಂದ ಒಂದು ಕೊಡ ಮಜ್ಜಿಗೆ ತರಿಸಿದಳು. ಆರು ಸ್ಟೀಲ್ ಗ್ಲಾಸು. ಆದರೆ ಕುಡಿಯುವವರಿಲ್ಲ.

“ಯಾಕ, ವಿಷ ಹಾಕೇನೇನ?” ಎಂದಳು ಅಧ್ಯಕ್ಷೆ.

“ಹಂಗಲ್ಲವಾ, ಗ್ಲಾಸು ಆರ, ಬಾಯಿ ಐವತ್ತು” ಎಂದಳು ಒಬ್ಬಳು. ಅವಳ ಕಣ್ಣು ಮಾತ್ರ ಸರದಿಯ ತುದಿಯ ಕಡೆಗೆ ಹೋಗಿ ಬಂತು.

ಆಗ ನನಗೆ ಹೊಳೆದದ್ದು ನಮ್ಮ ಬೋರ್ಡಿಂಗಿನ ಊಟದ ಹಾಲ್. ಬಾಗಿಲಲ್ಲಿ ಒಂದು ತಗಡಿನ ಟಬ್. ಸಿಸ್ಟರ್ ಪಕ್ಕದಲ್ಲಿ ನಿಂತು ಎಣಿಸುವರು. ಕುಡಿದ ಟಂಬ್ಲರನ್ನು ಮೂರು ಸಲ ಅದ್ದಿ ತೆಗೆದು ಬೋರಲಿಡಬೇಕು. ನೂರಿಪ್ಪತ್ತು ಹುಡುಗಿಯರು, ಯಾವ ಜಾತಿ, ಯಾವ ಊರು, ಯಾರೂ ಕೇಳಿದ್ದಿಲ್ಲ. ಆ ಟಬ್ಬಿನ ಸದ್ದು, ಆ ಒದ್ದೆ ಕಲ್ಲಿನ ತಂಪು ಈಗಲೂ ನೆನಪಿದೆ. ನಾನು ಕೈಪಂಪಿನಿಂದ ಒಂದು ಬಕೆಟ್ ನೀರು ತರಿಸಿ ಬಾಗಿಲಲ್ಲಿಟ್ಟೆ. “ಒನ್, ಟೂ, ಥ್ರೀ, ಅಷ್ಟೇ. ಪರ್ಫೆಕ್ಟ್ಲಿ ಕ್ಲೀನ್” ಎಂದೆ. ಹೆಂಗಸರು ನಗುತ್ತ, “ಒನ್, ಟೂ, ತಿರಿ” ಎಂದು ಅದ್ದತೊಡಗಿದರು. ಮೋಟಾರಿಲ್ಲದೆ ನಲ್ಲಿಯಲ್ಲಿ ನೀರಿರಲಿಲ್ಲ. ನನ್ನ ಸ್ಯಾಂಪಲ್ ಸೌಟನ್ನೂ ಅಳತೆಯ ಲೀಟರನ್ನೂ ತೊಳೆಯಲು ಅದೇ ಬಕೆಟ್. ಐವತ್ತು ಬಾಯಿಗಳನ್ನು ಆರು ಗ್ಲಾಸಿಗೆ ತಂದೆನೆಂದು ನನಗೆ ಒಳಗೊಳಗೇ ಪ್ರೈಡ್.

ಐವತ್ತಲ್ಲ, ನಲವತ್ತೊಂಬತ್ತು. ಒಬ್ಬಳು ಕುಡಿಯಲಿಲ್ಲ.

ಅವಳು ಊರಾಚೆ ಎರಡು ಮೈಲಿ ದೂರದ ಹೊಲದ ವಸ್ತಿಯಿಂದ ಬರುತ್ತಿದ್ದವಳು. ಮೂವತ್ತೈದರ ಆಸುಪಾಸು. ಎಲ್ಲರಿಗಿಂತ ಕಡೆಗೆ ಬಂದು, ಸರದಿಗೆ ಅಂಟದೆ, ಅಂಗಳದ ಬೇವಿನ ಕೆಳಗೆ ನಿಲ್ಲುತ್ತಿದ್ದಳು. ಅಲ್ಯೂಮಿನಿಯಂ ಕೊಡಕ್ಕೆ ಸುತ್ತಿದ ಒದ್ದೆ ಬಟ್ಟೆ. ಯುಗಾದಿಯ ಹೊತ್ತಿಗೆ ಅವಳ ಎಮ್ಮೆ ಈದ ಮೇಲೆ ಸಂಘಕ್ಕೆ ಸೇರಿದ್ದಳು. ಅವಳ ಹಾಲಿನ ಕಾರ್ಡನ್ನು ಬರೆದುಕೊಟ್ಟವಳು ನಾನೇ. ಗಂಡನ ಹೆಸರು ಕೇಳಿದಾಗ, “ಅವಂದ್ಯಾಕ್ರಿ? ರೇಶನ್ ಕಾರ್ಡಿನ್ಯಾಗ ಅವಂದೈತಿ, ಹೊಲದ ಉತಾರದಾಗ ಮಾವಂದೈತಿ. ಇದರಾಗ ನಂದೊಂದ ಇರಲಿ” ಎಂದಿದ್ದಳು. ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕುಪ್ಪಸದೊಳಗೆ ಇಟ್ಟುಕೊಂಡು ತಿರುಗುತ್ತಿದ್ದಳು. ಸಂಘದ ನಿಯಮ ಹೀಗಿತ್ತು: ಹಾಲು ಸತತ ಮೂರು ದಿನ ತಿರಸ್ಕೃತವಾದರೆ ಕಾರ್ಡು ರದ್ದು.

ಒಂದಕ್ಕೆ ಟ್ಯಾಂಕರ್ ಬಂತು. ಕ್ಯಾನುಗಳು ಬೇವಿನ ಆಚೆಯ ದನದ ಕಲ್ಲುದೋಣಿಯಲ್ಲಿ, ನೀರಿನಲ್ಲಿ, ಒದ್ದೆ ಗೋಣಿ ಹೊದ್ದು ಕೂತಿದ್ದವು. ಡ್ರೈವರ್ ಸ್ಪಿರಿಟ್ ದೀಪ ಹೊತ್ತಿಸಿದ. ಒಂದೊಂದು ಕ್ಯಾನಿನಿಂದ ಐದು ಎಂಎಲ್ ಹಾಲು ಟ್ಯೂಬಿಗೆ, ಟ್ಯೂಬು ಕುದಿಯುವ ನೀರಿಗೆ, ಐದು ನಿಮಿಷ. ಆಮೇಲೆ ಓರೆ ಮಾಡಿ ನೋಡುವುದು. ಒಳ್ಳೆಯ ಹಾಲು ಗಾಜಿನ ಮೇಲೆ ನುಣ್ಣಗೆ ಜಾರುತ್ತದೆ. ಹುಳಿಗೆ ತಿರುಗಿದ್ದು ಸಣ್ಣ ಸಣ್ಣ ಚೂರಾಗಿ ಅಂಟುತ್ತದೆ. ಒಂದು, ಎರಡು, ಮೂರು ಜಾರಿದವು. ನಾಲ್ಕನೆಯದು ಒಡೆಯಿತು.

ನಲವತ್ತು ಲೀಟರ್ ಚರಂಡಿಗೆ.

ಕೊನೆಯ ಕ್ಯಾನಿಗೆ ಕೊನೆಗೆ ಬಂದವರ ಹಾಲು ಬೀಳುತ್ತದೆ. ಅವರು ಹತ್ತು ಜನ. ರಿಜಿಸ್ಟರಿನಲ್ಲಿ ‘ಯಾರ ಹಾಲಿನಿಂದ’ ಎಂಬ ಕಾಲಮ್ ಇದೆ. ನಾನು ಪೆನ್ನು ಹಿಡಿದು ಕೂತೆ. ಅಧ್ಯಕ್ಷೆ ನನ್ನ ಭುಜದ ಮೇಲಿಂದ ಬಗ್ಗಿ, “ಇದರಾಗ ಇಚಾರ ಮಾಡೂದೇನೈತಿ? ನಿನ್ನಿ ಸಂಜಿದು ತಂಗಳ ಹಾಲು ಯಾರ ಮನ್ಯಾಗ ಉಳದಿರ್ತೈತಿ? ಅಷ್ಟ ದೂರದಿಂದ ಹೊತ್ಕೊಂಡ ಬರಾಕಿ ಯಾರು?” ಎಂದಳು.

ತಂಗಳ ಹಾಲು ಎಲ್ಲರ ಮನೆಯಲ್ಲೂ ಉಳಿದಿತ್ತು. ಆದರೂ ಆ ಮಾತು ನನಗೆ ಸರಿ ಅನ್ನಿಸಿತು. ಮಜ್ಜಿಗೆ ಬೇಡ ಎಂದಾಗ ಅವಳು ನನ್ನ ಮುಖ ನೋಡಿರಲಿಲ್ಲ. ತಪ್ಪು ಮಾಡಿದವರು ಹಾಗೆಯೇ ಅಲ್ಲವೇ? ಅವಳ ಹೆಸರು ಬರೆದು, ಮುಂದೆ ‘ಸಂಶಯ’ ಎಂದು ಬರೆದೆ.

ಬುಧವಾರ ಸಿಂದಗಿಯಿಂದ ಬಸ್ಸಿನ ಟಾಪಿನ ಮೇಲೆ ಐಸ್ ಬಂತು, ಹೊಟ್ಟಿನಲ್ಲಿ ಮುಚ್ಚಿದ ನಾಲ್ಕು ಗಟ್ಟಿ. ಇಳಿಸುವಷ್ಟರಲ್ಲಿ ಮೂರೇ ಎನ್ನುವಷ್ಟು ಕರಗಿತ್ತು. ಕಂಡಕ್ಟರ್ ಒಂದನ್ನು ಇಳಿಸಿಕೊಂಡನೋ ಎಂದು ಅವನನ್ನೂ ಕೇಳಿದೆ. “ನಿಮ್ಮ ಐಸು ತಾನ ಟಿಕೇಟಿಲ್ಲದ ಇಳದ ಹೋತ್ರಿ” ಎಂದ. ದೋಣಿಯ ತುದಿಗೆ ಹನ್ನೊಂದರ ಮೇಲೆ ಬಿಸಿಲು ಬೀಳುತ್ತದೆ ಎಂದು ನಾಲ್ಕನೆಯ ಕ್ಯಾನನ್ನು ನಡುವಿಗೆ ಸರಿಸಿದೆ. ಕ್ಯಾನಿನ ಬೆಸುಗೆಯಲ್ಲಿ ಹಳೆ ಹಾಲು ಕೂತಿರಬಹುದೆಂದು ಕ್ಯಾನನ್ನೇ ಬದಲಿಸಿದೆ. ಇಷ್ಟು ಸರಿಯಾಗಿಯೇ ಮಾಡಿದೆ.

ಮೂರನೆಯ ಕೆಲಸವನ್ನು ಮಾತ್ರ ಕೆಡಿಸಿದೆ. ಅವಳ ಹಾಲಿನ ಸ್ಯಾಂಪಲನ್ನು ಒಂದು ಬಾಟಲಿಯಲ್ಲಿ ತೆಗೆದು ಕಿಟಕಿಯ ಮೇಲಿಟ್ಟೆ. ಅವಳದನ್ನು ಮಾತ್ರ.

ಅವಳು ಹೋದ ಮೇಲೆ ಅದರಲ್ಲಿ ಸ್ವಲ್ಪ ತೆಗೆದು ಸೋಡಾ ಪರೀಕ್ಷೆ ಮಾಡಿದೆ. ಹುಳಿಯಾಗತೊಡಗಿದ ಹಾಲನ್ನು ಅಡುಗೆ ಸೋಡಾ ಹಾಕಿ ಮುಚ್ಚಿಡುವವರಿದ್ದಾರೆ. ಅದಕ್ಕೊಂದು ದ್ರಾವಣವಿದೆ. ಸೋಡಾ ಇದ್ದರೆ ಹಾಲು ಗುಲಾಬಿ ಕೆಂಪಾಗುತ್ತದೆ, ಇಲ್ಲದಿದ್ದರೆ ಮಂಕು ಕಂದು. ಟ್ಯೂಬು ಅಲುಗಿಸಿ ಬೆಳಕಿಗೆ ಹಿಡಿದೆ. ಕಂದು. ಇನ್ನೊಮ್ಮೆ ಮಾಡಿದೆ. ಕಂದು. ಕನ್ನಡಕ ಒರೆಸಿ ನೋಡಿದೆ. ಅಂಚಿನಲ್ಲಿ ಗುಲಾಬಿ ಇದೆಯೇನೋ ಎಂದು ಹುಡುಕಿದೆ. ಐವತ್ತು ವರ್ಷ ಬಣ್ಣಗಳನ್ನು ನೋಡಿದ ಕಣ್ಣು ನನ್ನದು. ಬೇಕಾದ ಬಣ್ಣಕ್ಕಾಗಿ ಅದು ಬೇಡಿದ್ದು ಅಂದೊಂದೇ ಸಲ. ಕೊನೆಗೆ, “ರೀಏಜೆಂಟ್ ಹಳೇದು. ಈ ಶೆಕೆಗೆ ಕೆಟ್ಟಿರಬೇಕು” ಎಂದುಕೊಂಡು ಆ ದ್ರಾವಣದ ಬಾಟಲಿಯನ್ನೇ ಎಸೆದೆ.

ಒಂದರ ಹೊತ್ತಿಗೆ ನಾಲ್ಕನೆಯ ಕ್ಯಾನು ಮತ್ತೆ ಒಡೆಯಿತು. ಕಿಟಕಿಯ ಮೇಲಿನ ಅವಳ ಸ್ಯಾಂಪಲ್ಲೂ ಹುಳಿ ಬಂದಿತ್ತು. ನಾನು ಅದನ್ನು ಅಧ್ಯಕ್ಷೆಯ ಮೂಗಿಗೆ ಹಿಡಿದು, “ಪ್ರೂಫ್” ಎಂದೆ.

“ನಾ ಹೇಳಿರಲಿಲ್ಲ?” ಎಂದಳು ಅಧ್ಯಕ್ಷೆ.

ಉಳಿದ ಒಂಬತ್ತು ಜನರದ್ದನ್ನೂ ಒಂಬತ್ತು ಬಾಟಲಿಯಲ್ಲಿ ಇಟ್ಟಿದ್ದರೆ ಎಲ್ಲವೂ ಹುಳಿಯೇ ಬಂದಿರುತ್ತಿದ್ದವು. ಬ್ಲ್ಯಾಂಕ್ ಇಲ್ಲದ ಪರೀಕ್ಷೆ, ಸಾಕ್ಷಿಯಿಲ್ಲದ ಚಾಡಿ. ರಿಜಿಸ್ಟರಿನಲ್ಲಿ ಎರಡನೆಯ ಸಲ ಅವಳ ಹೆಸರು ಬರೆದೆ. ಈ ಸಲ ‘ಸಂಶಯ’ ಎಂಬ ಪದವನ್ನು ಬಿಟ್ಟೆ.

ಗುರುವಾರ ಅವಳು ಬಂದಾಗ ಒಂಬತ್ತೂವರೆ. ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಹಾಲು ಹಾಕಿದ ಹೆಂಗಸರೂ ಮನೆಗೆ ಹೋಗದೆ, ಮಜ್ಜಿಗೆ ಗ್ಲಾಸು ಹಿಡಿದು ನಿಂತಿದ್ದರು. ಅವಳು ಕೊಡ ಇಳಿಸಿ, ಒದ್ದೆ ಬಟ್ಟೆ ಬಿಚ್ಚಿದಳು.

“ಬಿಚ್ಚಬ್ಯಾಡ” ಎಂದೆ. “ನಿಂದು ಇವತ್ತ ತಗೊಳ್ಳೂದಿಲ್ಲ.”

“ಯಾಕ್ರಿ ಅಕ್ಕಾರ?”

“ಎರಡ ದಿನ ನಿನ್ನ ಹಾಲಿನಿಂದ ಕ್ಯಾನು ಒಡದೈತಿ.”

“ನಂದರಿಂದನ ಅಂತ ಹೆಂಗ ಗೊತ್ತಾತ್ರಿ?”

“ಟೆಸ್ಟ್ ಮಾಡೇನಿ.”

ಅವಳು ಸ್ವಲ್ಪ ಹೊತ್ತು ನನ್ನ ಮೇಜಿನ ಮೇಲಿನ ಟ್ಯೂಬುಗಳನ್ನು ನೋಡಿದಳು. “ನನ್ನ ಮುಂದ ಮಾಡ್ರಿ. ಈಗ ಕುದಿಸ್ರಿ. ಒಡದ್ರ ನಾನ ಈ ಕೊಡ ಚೆಲ್ಲಿ ಹೋಗ್ತೇನಿ.”

ಐದು ನಿಮಿಷದ ಕೆಲಸ. ದೀಪ ಅಲ್ಲೇ ಇತ್ತು. ಆದರೆ ಈಗಷ್ಟೇ ಕರೆದ ಹಾಲು ಒಡೆಯುವುದಿಲ್ಲ, ಮೂರ್ನಾಲ್ಕು ತಾಸಿನ ಮೇಲೆ ಒಡೆಯುತ್ತದೆ, ಈಗ ಕುದಿಸಿದರೆ ಅವಳೇ ಗೆಲ್ಲುತ್ತಾಳೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಅವಳು ನನಗೆ ಸವಾಲು ಹಾಕಿದ್ದೂ ಹಿಡಿಸಲಿಲ್ಲ. “ಸ್ಪಿರಿಟ್ ಮುಗದೈತಿ” ಎಂದೆ. ಸುಳ್ಳು.

“ಕಾರ್ಡ ಕೊಡು” ಎಂದಳು ಅಧ್ಯಕ್ಷೆ. “ಇವತ್ತಿಗಿ ಮೂರನೇದು.”

ಅವಳು ಗೋಡೆಯ ಕಡೆ ತಿರುಗಿ ಕಾರ್ಡು ತೆಗೆದು, ಪ್ಲಾಸ್ಟಿಕ್ ಕವರನ್ನು ಬಿಡಿಸಿಕೊಂಡು, ಕಾರ್ಡನ್ನು ಮಾತ್ರ ಮೇಜಿನ ಮೇಲಿಟ್ಟಳು. ಬೆವರಿಗೆ ಅದರ ಅಂಚು ಮೆತ್ತಗಾಗಿತ್ತು. ಯಾರೋ ಹಿಂದಿನಿಂದ, “ಪಾಪ, ಅಷ್ಟ ದೂರ ಹೊತ್ಕೊಂಡ ಹೋಗಬೇಕು ಈಗ. ಒಂದೀಟ ಮಜ್ಜಿಗಿ ಕುಡದ ಹೋಗವಾ” ಎಂದರು. ಅವಳು ಬಕೆಟ್ಟನ್ನೊಮ್ಮೆ ನೋಡಿ, ಕೊಡ ಎತ್ತಿಕೊಂಡು ಹೋದಳು.

ಅಂದು ನಾಲ್ಕನೆಯ ಕ್ಯಾನಿನಲ್ಲಿ ಅವಳ ಹಾಲಿನ ಒಂದು ಹನಿಯೂ ಇರಲಿಲ್ಲ. ಒಂದಕ್ಕೆ ಡ್ರೈವರ್ ಟ್ಯೂಬನ್ನು ಓರೆ ಮಾಡಿದ. ಬಿಳಿ ಚೂರುಗಳು ಗಾಜಿಗೆ ಅಂಟಿಕೊಂಡವು. ಅವನು ಟ್ಯೂಬನ್ನು ನನ್ನ ಕೈಗೇ ಕೊಟ್ಟ.

“ಆಯವ್ವ ಇಲ್ಲದನೂ ಒಡೀತಲ್ರಿ ಅಕ್ಕಾರ. ಈಗ ಯಾರ ಹೆಸರ ಬರೀತೀರಿ? ನಂದ ಬರೀರಿ ಬೇಕಾದ್ರ.”

ಅಧ್ಯಕ್ಷೆ, “ಬ್ಯಾರೆ ಯಾರೋ ಕಲತಾರ ಅಕೀನ್ನ ನೋಡಿ” ಎಂದಳು. ಅದನ್ನು ನಾನು ಕೂಡ ಒಂದು ಕ್ಷಣ ನಂಬಲು ನೋಡಿದೆ.

ಟ್ಯಾಂಕರ್ ಹೋದ ಮೇಲೆ ಹೊಸ್ತಿಲ ಮೇಲೆ ಕೂತೆ. ಮೂರು ದಿನ, ಬೇರೆ ಬೇರೆ ಕ್ಯಾನು, ಬೇರೆ ಬೇರೆ ಜಾಗ, ಈಗ ಬೇರೆ ಜನ. ಕೆಟ್ಟದ್ದು ಮಾತ್ರ ಕೊನೆಗೆ ತುಂಬಿದ್ದೇ. ಹಾಗಾದರೆ ಹೊತ್ತು ಏರಿದಂತೆ ಕೆಡುತ್ತ ಹೋಗುವ ಯಾವುದೋ ಒಂದು, ಎಲ್ಲ ಹಾಲನ್ನೂ ಮುಟ್ಟುತ್ತಿದೆ. ಮೊದಲ ಕ್ಯಾನನ್ನು ಮುಟ್ಟಿದಾಗ ಅದು ಶುದ್ಧ. ನಾಲ್ಕನೆಯದನ್ನು ಮುಟ್ಟುವಾಗ ಅಲ್ಲ. ಏನದು?

ಎದುರಿಗೆ ಅಳತೆಯ ಹೆಣ್ಣುಮಗಳು, ನೀರು ದಂಡವಾಗಬಾರದೆಂದು, ಬಕೆಟ್ಟನ್ನು ಬೇವಿನ ಬುಡಕ್ಕೆ ಬಗ್ಗಿಸುತ್ತಿದ್ದಳು. ಬೇವಿನ ಬುಡದ ಕರಿಮಣ್ಣಿನ ಮೇಲೆ ಒಂದರ ಮೇಲೊಂದು ಎರಡು ಬಿಳಿ ಬಳೆಗಳು ಒಣಗಿದ್ದವು, ಮೂರನೆಯದು ಹರಡುತ್ತಿತ್ತು. ಮಂಗಳವಾರದ್ದು, ಬುಧವಾರದ್ದು, ಇವತ್ತಿನದು.

“ನಿಲ್ಲು!” ಎಂದು ಕೂಗಿದೆ. ಅವಳು ಹೆದರಿ ಬಕೆಟ್ ಕೆಳಗಿಟ್ಟಳು. ಬಗ್ಗಿ ಮೂಸಿದೆ. ನೀರಲ್ಲ ಅದು, ತೆಳು ಮಜ್ಜಿಗೆ. ನೂರಾರು ಸಲ ಅದ್ದಿದ ಗ್ಲಾಸು. ಅದರಲ್ಲೇ ಜಾಲಾಡಿಸಿದ ನನ್ನ ಸೌಟು. ಆ ಸೌಟಿನಿಂದಲೇ ಒಬ್ಬೊಬ್ಬರ ಹಾಲನ್ನೂ ಕಲಕಿದ್ದೆ. ಹಾಲಿಗೆ ಹೆಪ್ಪು ಹಾಕುವುದು ಇನ್ನು ಹೇಗೆ? ನಮ್ಮ ಮನೆಗಳಲ್ಲಿ ಮಾಡುವುದೂ ಅದನ್ನೇ. ನಾನು ಅದನ್ನು ಕನ್ನಡಕ ಹಾಕಿಕೊಂಡು, ರಿಜಿಸ್ಟರ್ ಇಟ್ಟುಕೊಂಡು, ಇಂಗ್ಲಿಷಿನಲ್ಲಿ ಎಣಿಸುತ್ತ ಮಾಡಿದ್ದೆ.

ಆದರೂ ಈ ಸಲ ನನ್ನ ತಲೆಯನ್ನೂ ನಂಬಲಿಲ್ಲ. ಅಳತೆಯ ಹೆಣ್ಣುಮಗಳ ಮನೆಯಲ್ಲಿ ಆಗಷ್ಟೇ ಕರೆದ ಹಾಲು ತರಿಸಿ ಎರಡು ಬಾಟಲಿಗೆ ಹಾಕಿದೆ. ಒಂದರಲ್ಲಿ ಬಕೆಟ್ಟಿಗೆ ಅದ್ದಿದ ಸೌಟನ್ನು ಆಡಿಸಿದೆ. ಇನ್ನೊಂದರಲ್ಲಿ ಕುದಿಸಿ ಆರಿಸಿದ ಸೌಟು. ಎರಡನ್ನೂ ಒಂದೇ ಕಿಟಕಿಯ ಮೇಲಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು, ಬೀಸಣಿಕೆ ಹಿಡಿದು ಕೂತೆ. ನಾಲ್ಕು ತಾಸಿನ ನಂತರ ಎರಡನ್ನೂ ಕುದಿಸಿದೆ. ಒಂದು ಒಡೆಯಿತು. ಬ್ಲ್ಯಾಂಕ್ ಜಾರಿತು.

ಅಧ್ಯಕ್ಷೆ ಬಂದು ನೋಡಿದಳು. ಮುಖ ಸಣ್ಣದಾಯಿತು, ಆದರೆ ದನಿ ಅಲ್ಲ.

“ಆತಿಲ್ಲ, ನಾಳಿಂದ ಮಜ್ಜಿಗಿ ಬಂದ್. ಸೌಟು ಕುದಿಸಿ ತೊಳೀರಿ. ಮುಗೀತು. ರಿಜಿಸ್ಟರ್ ಯಾಕ ಮುಟ್ಟತೀರಿ?”

“ಅಕೀ ಹೆಸರ ಐತಿ ಅದರಾಗ.”

“ಇರಲಿ ಬಿಡ್ರಿ. ಒಂದ ಹೆಸರು ಹೋದ್ರ ಒಂದ ಹೆಸರು. ನಮ್ಮ ಬಕೀಟಿನಿಂದ ಅಂತ ಬರದ್ರ ಸಂಘದ ಹೆಸರ ಹೊಕ್ಕೈತಿ. ಸೂಪರ್‌ವೈಸರ್ ಕೇಳಿದ್ರ ನಾ ಏನ್ ಹೇಳ್ಲಿ?”

“ಮುದುಕಿಗಿ ತಲಿ ಕೆಟ್ಟಿತ್ತು ಅನ್ನು.”

“ಅದು ಸುಳ್ಳಾಗೂದಿಲ್ಲ” ಎಂದು ಅವಳು ಹೊರಟುಹೋದಳು.

ನಾನು ಪೆನ್ನು ತೆಗೆದೆ. ಹೊಡೆದುಹಾಕುವುದು ಸುಲಭ, ಆದರೆ ಹೊಡೆದುಹಾಕಿದ ಹೆಸರು ಕೆಳಗೆ ಕಾಣುತ್ತಲೇ ಇರುತ್ತದೆ. ಅವಳ ಹೆಸರಿದ್ದ ಎರಡೂ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದೆ: ‘ಮೇಲಿನ ಹೆಸರು ತಪ್ಪು. ಕಾರಣ: ಟೆಸ್ಟರ್ ಇಟ್ಟ ಬಕೆಟ್.’ ಕೆಳಗೆ ನನ್ನ ಪೂರ್ತಿ ಸಹಿ. ಸೂಪರ್‌ವೈಸರಿಗೂ ಫೋನಿನಲ್ಲಿ ಹೇಳಿದೆ. ಅವರು, “ಮೇಡಂ, ನೀವೇ ಹಿಂಗ ಮಾಡಿದ್ರ?” ಎಂದರು.

ಶುಕ್ರವಾರ ಬೆಳಗಿನ ಹಾಲು ಮುಗಿಸಿದೆ. ಅಂದು ಕುದಿಸಿದ ಸೌಟು, ಮಜ್ಜಿಗೆ ಇಲ್ಲ. ನಾಲ್ಕೂ ಕ್ಯಾನು ಜಾರಿದವು. ಬಿಸಿಲು ಇಳಿಯುವ ಹೊತ್ತಿಗೆ ಟಂಟಂ ಆಟೋ ಹತ್ತಿ ಕ್ರಾಸಿನಲ್ಲಿಳಿದು, ಹೊಲದ ಬದುವಿನ ಮೇಲೆ ನಡೆದು ಅವಳ ವಸ್ತಿಗೆ ಹೋದೆ. ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿದ ಎರಡಂಕಣದ ಮನೆ. ಒಳಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ತೂಗುಹಾಕಿದ ಖಾಲಿ ಪ್ಲಾಸ್ಟಿಕ್ ಕವರು. ಅವಳು ಎಮ್ಮೆಯ ಬೆನ್ನಿಗೆ ಒದ್ದೆ ಗೋಣಿ ಹೊದಿಸುತ್ತಿದ್ದಳು.

“ಕುಂದರ್ರಿ ಅಕ್ಕಾರ. ಬಿಸಲಾಗ ಬಂದೀರಿ.”

ಕೂತು ಎಲ್ಲವನ್ನೂ ಹೇ‍ಳಿದೆ. ಸೋಡಾ ಟೆಸ್ಟು ಕಂದು ಬಂದಿದ್ದೂ, ಸ್ಪಿರಿಟ್ ಇದ್ದಿದ್ದೂ. ಸಾರಿ ಎಂದೆ. ಆ ಪದ ಅಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. ತಪ್ಪಾತವಾ ಎಂದು ಇನ್ನೊಮ್ಮೆ ಹೇಳಿದೆ.

ಅವಳು ಗೋಣಿಯ ಅಂಚು ಸರಿಮಾಡುತ್ತಲೇ ಇದ್ದಳು. “ಬೇವಿನ ಬುಡಕ ಬೆಳ್ಳಗ ಚೆಲ್ಲೂದು ನಾ ದಿನಾ ನೋಡ್ತಿದ್ದೆ” ಎಂದಳು. “ಕಲತವರು, ನಿಮಗ ಗೊತ್ತಿರಬೇಕು ಅಂದ್ಕೊಂಡೆ.”

“ನೀ ಯಾಕ ಒಂದ ದಿನಾನೂ ಮಜ್ಜಿಗಿ ಕುಡೀಲಿಲ್ಲ?”

ಆಗ ಅವಳು ನಕ್ಕಳು. ಕೊಂಕಿನ ನಗೆಯಲ್ಲ, ನಿಜವಾದ ನಗೆ, ಅದಕ್ಕೇ ಅದು ತಡೆಯಲಾರದ್ದು. “ಕುಡೀಬೇಕಿತ್ರಿ ಅಕ್ಕಾರ. ಮಂಗಳವಾರನ ನಾ ಒಂದ್ಸಲ ಆ ಬಕೀಟಿನ್ಯಾಗ ನನ್ನ ಗ್ಲಾಸ್ ಅದ್ದಿದ್ರ ಮುಗೀತಿತ್ತು. ಆಮ್ಯಾಲ ಅದನ್ನ ಒಬ್ಬರೂ ಮುಟ್ಟತಿದ್ದಿಲ್ಲ. ನಿಮ್ಮ ಹಾಲೂ ಉಳೀತಿತ್ತು.”

ಎಮ್ಮೆ ಬಾಲ ಬೀಸಿತು. ನಾನು ಕಾರ್ಡನ್ನು ಚೀಲದಿಂದ ತೆಗೆದು ಅವಳ ಕೈಗೆ ಹಿಡಿದೆ. ಅವಳು ಕೈ ಒರೆಸಿಕೊಂಡಳು, ಆದರೆ ತೆಗೆದುಕೊಳ್ಳಲಿಲ್ಲ.

“ಅಲ್ಲೇ ಇರಲಿ. ನಾಳಿ ಬರ್ತೇನಿ.”

ಶುಕ್ರವಾರ ಸಂಜೆ ಹೊಸ ಟ್ರಾನ್ಸ್‌ಫಾರ್ಮರ್ ಕೂತಿತು. ಶನಿವಾರ ಬೆಳಿಗ್ಗೆ ಕಂಪ್ರೆಸರ್ ಎಂದಿನಂತೆ ಗುಂಯ್‌ಗುಡುತ್ತಿತ್ತು, ಮಷಿನ್ ಅರ್ಧ ನಿಮಿಷಕ್ಕೊಬ್ಬರನ್ನು ದಾಟಿಸುತ್ತಿತ್ತು. ಏಳೂವರೆಗೆ ಅವಳು ಬಂದಳು. ಬೇವಿನ ಕೆಳಗೆ ನಿಲ್ಲಲಿಲ್ಲ. ಸರದಿಯ ಪಕ್ಕದಿಂದ ನೇರ ನಡೆದು ಬಂದು ಕೊಡವನ್ನು ನನ್ನ ಮೇಜಿನ ಮೇಲಿಟ್ಟಳು. ಅಧ್ಯಕ್ಷೆ ಬಾಗಿಲಲ್ಲೇ ನಿಂತಳು.

“ಕುದಿಸ್ರಿ” ಎಂದಳು ವಸ್ತಿಯವಳು. “ಎಲ್ಲಾರ ಮುಂದ.”

ನಾನು ದೀಪ ಹೊತ್ತಿಸಿದೆ. ಅವಳ ಹಾಲಿನ ಟ್ಯೂಬು ಒಂದು, ಅಧ್ಯಕ್ಷೆಯ ಮನೆಯ ಹಾಲಿನದು ಪಕ್ಕದಲ್ಲಿ ಇನ್ನೊಂದು. ಐದು ನಿಮಿಷ ನಲವತ್ತು ಜನ ಹೆಂಗಸರು ಉಸಿರು ಹಿಡಿದು ನಿಂತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತೆಗೆದು ಓರೆ ಮಾಡಿದೆ. ಎರಡೂ ಜಾರಿದವು. ಅವಳದ್ದರಲ್ಲಿ ಗಾಜಿನ ಮೇಲೆ ಒಂದು ಚುಕ್ಕಿಯೂ ಉಳಿಯಲಿಲ್ಲ. ಟ್ಯೂಬನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ, ಅಧ್ಯಕ್ಷೆಯ ಕಡೆ ಒಮ್ಮೆ ಚಾಚಿ ತೋರಿಸಿ, ಸ್ಟ್ಯಾಂಡಿಗೆ ಇಟ್ಟಳು.

ನಾನು ಅವಳ ಕಾರ್ಡು ತೆಗೆದು, ಅಳತೆಯ ಹೆಣ್ಣುಮಗಳಿಗೆ, “ಅಳಿ” ಎಂದೆ.

“ಬ್ಯಾಡ್ರಿ” ಎಂದಳು ಅವಳು. ಒದ್ದೆ ಬಟ್ಟೆಯನ್ನು ಕೊಡಕ್ಕೆ ಮತ್ತೆ ಸುತ್ತಿ, ಗಂಟು ಹಾಕಿ, ತಲೆಗೇರಿಸಿಕೊಂಡಳು. “ನೋಡಿದ್ರಲ್ಲ? ಅಷ್ಟ ಸಾಕು.”

ಹೊರಗೆ ಆಗಲೇ ಬಿಸಿಲು ಬಲಿತಿತ್ತು. ಅವಳು ಅವಸರಿಸದೆ ನಡೆದಳು. ಬಟ್ಟೆಯಿಂದ ತೊಟ್ಟಿಕ್ಕಿದ ನೀರು ಧೂಳಿನ ಮೇಲೆ ಒಂದು ಸಾಲು ಎಳೆಯುತ್ತ ಹೋಯಿತು. ಅವಳು ಬೇವು ದಾಟುವಷ್ಟರಲ್ಲಿ ನನ್ನ ಬಾಗಿಲ ಮುಂದಿನ ಹನಿಗಳು ಆರಿಹೋಗಿದ್ದವು. ಅವಳನ್ನು ನಾನು ನೋಡಿದ್ದು ಅದೇ ಕೊನೆ. ಅವಳ ಕಾರ್ಡು ನನ್ನ ಡ್ರಾಯರಿನಲ್ಲಿದೆ. ಅದು ರದ್ದಾಗಿಲ್ಲ.